ಚುಕ್ಕಿ ತಪ್ಪಿಸಿ ನಡೆದ ನೇರ ಗೆರೆ

ನೇರ ಗೆರೆಯ ಜೊತೆ ಜಗಳಕ್ಕೆ ನಿಂತವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮ ಚಿಕ್ಕಮ್ಮ!

ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿದ್ದ ಕಾಲ. ಚಿಕ್ಕಪ್ಪ ತೀರಿಕೊಂಡು ಎಂಟು ವರ್ಷಗಳಾಗಿದ್ದವು. ಸ್ಕೂಲ್ ಟೀಚರ್ ಆಗಿಯೇ ತೀರುತ್ತೇನೆಂದು ಚಿಕ್ಕಮ್ಮ ಹಟ ಹಿಡಿದಿದ್ದಳು. ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಬೇಕು. ಎರಡು ಸಲ ಗಣಿತ ಕೈಕೊಟ್ಟಿತ್ತು. ಟ್ರೈನಿಂಗಿಗೆ ಸೇರುವ ವಯಸ್ಸು ಮೀರುತ್ತಿದ್ದುದರಿಂದ ಇದೇ ಕೊನೆಯ ಅವಕಾಶ.

ಗುರು ಯಾರು? ಅದೇ ಗಣಿತದಲ್ಲಿ ಮೂವತ್ತಾರು ಅಂಕ ಗಿಟ್ಟಿಸಿ, ಗಾರೆ-ಸುಣ್ಣದ ಅಂಗಡಿ ಇಟ್ಟಿದ್ದ ನಾನು! ಪಾಠ ಹೇಳುವವರಿಗೆ ನನ್ನದೊಂದು ಬಿಟ್ಟಿ ಸಲಹೆ: ಕೂಲಿ ಮೊದಲೇ ಗೊತ್ತುಮಾಡಿಕೊಳ್ಳಿ. ನಾನು ಲೆಕ್ಕಕ್ಕೆ ಮೂರು ಕೋಡುಬಳೆ ಕೇಳಿದೆ, ಅವಳು ಒಂದು ಎಂದಳು, ಎರಡಕ್ಕೆ ಕುದುರಿತು. ಪೇಟೆಯಲ್ಲಿ ಚೌಕಾಸಿ ಮಾಡಿ, ಅಂಚು ಮಾಸಿದ ಗ್ರಾಫ್ ಹಾಳೆಯ ಒಂದು ದಪ್ಪ ಕಟ್ಟನ್ನೂ ಅರ್ಧ ಬೆಲೆಗೆ ತಂದೆ.

ಮೊದಲ ದಿನದ ಲೆಕ್ಕ: ವೈ ಅಂದರೆ ಎಕ್ಸಿನ ಎರಡರಷ್ಟು, ಮೇಲೊಂದು. ಎಕ್ಸ್ ಸೊನ್ನೆಯಾದರೆ ವೈ ಒಂದು, ಒಂದಾದರೆ ಮೂರು, ಎರಡಾದರೆ ಐದು. ಚುಕ್ಕಿಗಳು ಮುತ್ತಿನಂತೆ ಬಿದ್ದವು. ಸೇರಿಸು ಎಂದೆ. ಚಿಕ್ಕಮ್ಮನ ಪೆನ್ಸಿಲು ಮೊದಲ ಚುಕ್ಕಿಯನ್ನು ಎಡಕ್ಕೆ ಬಳಸಿ, ಎರಡನೆಯದನ್ನು ಬಲಕ್ಕೆ ಸುತ್ತಿ, ಹಾವಿನಂತೆ ಹರಿಯಿತು!

"ಚುಕ್ಕಿ ಮೇಲೇ ಹಾಯಬೇಕು, ಚಿಕ್ಕಮ್ಮ!"

"ಚುಕ್ಕಿ ತುಳಿದ್ರೆ ನಮ್ಮಮ್ಮ ಕೈ ಮೇಲೆ ಬಾರಿಸ್ತಿದ್ಳು ಕಣೋ."

"ಅದು ಸುಳಿ ರಂಗೋಲಿಗೆ. ಇಲ್ಲಿ ಚುಕ್ಕಿಗಳೇ ಗೆರೆಗೆ ದಾರಿ."

ಮರುದಿನ ಅವಳು, "ಕಾಗದದ ಮೇಲೆ ತಲೆಗೆ ಹತ್ತಲ್ಲ, ಬಾಗಿಲ ಮುಂದೆ ದೊಡ್ಡದಾಗಿ ಬರೀತೀನಿ" ಎಂದು ರಂಗೋಲಿ ಡಬ್ಬಿ ಹಿಡಿದು ಹೊರಟಳು. ಅಜ್ಜಿ ಓಡಿಬಂದರು. ಚಿಕ್ಕಪ್ಪ ಹೋದ ದಿನವೇ ಬಾಗಿಲಿಗೆ ರಂಗೋಲಿ ಹಾಕುವ ಕೆಲಸವನ್ನು ಅವಳಿಂದ ಕಿತ್ತು ನನ್ನಮ್ಮನಿಗೆ ಕೊಟ್ಟವರು ಅವರೇ.

"ಏನೇ ಇದು! ನೀನು ರಂಗೋಲಿ ಹಾಕೋದಾ?"

"ರಂಗೋಲಿ ಅಲ್ಲ ಅತ್ತೆ, ಬೀಜಗಣಿತ."

ಬೀಜಗಣಿತ ಹಾಕಬಾರದೆಂದು ಯಾವ ಶಾಸ್ತ್ರದಲ್ಲಿದೆ? ಅಜ್ಜಿ ಸೆರಗು ಕೊಡವಿಕೊಂಡು ಒಳಗೆ ನಡೆದರು.

ಹೊಸಲೇ ಎಕ್ಸ್ ಅಕ್ಷ. ಗೆರೆ ಹೊಸಲಿನಿಂದ ಒಂದು ಚುಕ್ಕಿ ಆಚೆ ಹೊರಟು, ಪಕ್ಕಕ್ಕೆ ಒಂದು ಹೆಜ್ಜೆಯಾದರೆ ಮುಂದಕ್ಕೆ ಎರಡು ಹಾಕುತ್ತ ಗೇಟಿನ ಕಡೆ ಓಡಬೇಕು. ಓಡಿತೇ? ದಿನವೂ ಚುಕ್ಕಿಗಳನ್ನು ಬಳಸಿ ಸುಳಿಯಿತು! ಗಾರೆಯವರ ದಾರ ಕಟ್ಟಿ ತೋರಿಸಿದೆ. ದಾರ ಬಿಚ್ಚಿದರೆ ಮತ್ತೆ ಸುಳಿ. ಜೊತೆಗೆ ಗೆರೆಯ ಎರಡು ತುದಿಗಳನ್ನೂ ಕೂಡಿಸಿಬಿಡುತ್ತಿದ್ದಳು.

"ತುದಿ ಬಿಡು ಚಿಕ್ಕಮ್ಮ. ಎಕ್ಸ್ ಮೈನಸ್ ಆದ್ರೆ ಗೆರೆ ಹೊಸಲು ದಾಟಿ ಮನೆಯೊಳಗೂ ಬರತ್ತೆ."

"ಬರಲಿ, ಸೆಗಣಿ ಹಾಕಿ ಸಾರಿಸ್ತೀನಿ!" ಎಂದರು ಒಳಗಿನಿಂದ ಅಜ್ಜಿ.

ಸಾರಕ್ಕಿಯಿಂದ ಬರುತ್ತಿದ್ದ ಹಾಲಿನವನು ಒಂದು ಕಾಲು ಎತ್ತಿಕೊಂಡೇ ನಿಂತ. "ಪಾಯಕ್ಕೆ ಗುರ್ತು ಹಾಕ್ತಿದ್ದೀರೇನಮ್ಮಾ?"

"ಹೂನಪ್ಪ, ಪಾಯಾನೇ" ಎಂದಳು ಚಿಕ್ಕಮ್ಮ, ತಲೆಯೆತ್ತದೆ.

ಮೂರು ತಿಂಗಳು! ನನ್ನ ಹೊಟ್ಟೆ ಕೋಡುಬಳೆಯ ಗಿರಣಿಯಾಯಿತು, ಗೆರೆ ಮಾತ್ರ ನೆಟ್ಟಗಾಗಲಿಲ್ಲ. ಪರೀಕ್ಷೆಯ ದಿನ ದೇವರಿಗೆ ಕೈಮುಗಿದವನು ನಾನು. ಅವಳು ಪೆನ್ಸಿಲು ಚೂಪು ಮಾಡುತ್ತ ಕೂತಿದ್ದಳು. ಫಲಿತಾಂಶ ಬಂತು. ಪಾಸು! ಗಣಿತದಲ್ಲಿ ನನಗಿಂತ ಎರಡರಷ್ಟು, ಮೇಲೊಂದು!

ನಂಬಲಾಗಲಿಲ್ಲ. ಇರಲಿ, ಉಳಿದ ಗ್ರಾಫ್ ಹಾಳೆಯನ್ನಾದರೂ ಮಾರೋಣವೆಂದು ಅವಳ ಟ್ರಂಕು ತೆಗೆದೆ. ಒಂದು ಹಾಳೆಯೂ ಖಾಲಿಯಿರಲಿಲ್ಲ. ಮೊದಲನೆಯದರಲ್ಲಿ ಆ ಹಾವು. ಎರಡನೆಯದರಿಂದ ಕೊನೆಯವರೆಗೂ ಬಾಣದಂಥ ನೇರ ಗೆರೆಗಳು, ಒಂದು ಚುಕ್ಕಿಯನ್ನೂ ತಪ್ಪಿಸದೆ.

"ಎರಡನೇ ಹಾಳೆಗೇ ಬಂದಿತ್ತಾ? ಮತ್ತೆ ಬಾಗಿಲ ಮುಂದೆ ಮೂರು ತಿಂಗಳು ಯಾಕೆ ತಪ್ಪು ಹಾಕ್ದೆ?"

ಚಿಕ್ಕಮ್ಮ ಹಾಳೆಗಳನ್ನು ಜೋಡಿಸುತ್ತ ಮೆಲ್ಲಗೆ ಅಂದಳು, "ಎಂಟು ವರ್ಷ ಆಗಿತ್ತು ಕಣೋ, ಬೆರಳಿಗೆ ರಂಗೋಲಿ ಪುಡಿ ಸೋಕಿ."

ನಾನು ಯಾವ ವ್ಯಾಪಾರದಲ್ಲೂ ಅಷ್ಟು ಚೆನ್ನಾಗಿ ಸೋತವನಲ್ಲ.

ಮರುದಿನ ಬೆಳಿಗ್ಗೆ ಡಬ್ಬಿ ತಂದು ಅವಳ ಮುಂದಿಟ್ಟೆ.

"ಪಾಸಾಯ್ತಲ್ಲೋ, ಇನ್ಯಾಕೆ?"

"ಟೀಚರಾಗೋವ್ರು ದಿನಾ ಅಭ್ಯಾಸ ಮಾಡ್ಬೇಕು ಅಂತ ಅಜ್ಜಿಗೆ ಹೇಳಿದೀನಿ. ಹೂಂ, ಚುಕ್ಕಿ ಇಡು."