ಮುಕ್ಕಾಲಿಗೆ ಆಯುಧಪೂಜೆ

ಶೀನಪ್ಪನ ಗ್ರಹಚಾರ ಕೆಟ್ಟದ್ದು ಒಂದು ಸೇವಂತಿಗೆ ಹೂವಿನಿಂದ. ಆ ಹೂವು ಅವನ ಆಯುಧದ ಬಲಗಾಲಿನ ಸಂದಿಯಲ್ಲಿ ಎಷ್ಟು ಚೆಂದವಾಗಿ ಕೂತಿತ್ತೆಂದರೆ, ಕುಂದಾಪುರದಲ್ಲಿ ಕೂತು ಸ್ಕೈಪಿನಲ್ಲಿ ಪೂಜೆ ನೋಡುತ್ತಿದ್ದ ಅವನ ಅತ್ತೆ ಕಾಮಾಕ್ಷಮ್ಮ, "ಇಷ್ಟ್ ಚಂದದ ಆಯುಧ ನಾನ್ ಕಂಡದ್ದೇ ಇಲ್ಲೆ. ಇವತ್ತಿಡೀ ಇದನ್ನೇ ಕಾಂತಾ ಕೂಕಂತೆ" ಎಂದುಬಿಟ್ಟರು. ಶೀನಪ್ಪನ ಹೆಂಡತಿ ಟ್ಯಾಬ್ಲೆಟ್ಟನ್ನು ದೇವರ ಎದುರಿಗೆ ನೆಟ್ಟಗೆ ನಿಲ್ಲಿಸಿ ಚಾರ್ಜಿಗೆ ಹಾಕಿದಳು.

ಆಯುಧ ಎಂದರೆ ಕತ್ತಿ ಗುರಾಣಿಯಲ್ಲ. ಶೀನಪ್ಪ ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜಿನ ಒಂದು ಕುಡಿಯುವ ನೀರಿನ ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿ ಆಳುದ್ದದ ಬಿಳಿ ಕೊಳವೆಗಳು ಸಾಲಾಗಿ ಮಲಗಿವೆ. ಅವಕ್ಕೆ ವೆಸೆಲ್ ಎನ್ನುತ್ತಾರೆ. ಒಂದೊಂದರ ಹೊಟ್ಟೆಯಲ್ಲೂ ನೀರು ಸೋಸುವ ಮೆಂಬ್ರೇನು, ಎರಡು ತುದಿಗೂ ದಪ್ಪನೆಯ ಮುಚ್ಚಳ. ವರ್ಷವಿಡೀ ನೀರಿನ ಒತ್ತಡ ತಿಂದ ಆ ಮುಚ್ಚಳವನ್ನು ಕೈಯಿಂದ ಎಳೆದರೆ ಕೈ ಕಿತ್ತು ಬರಬಹುದು, ಮುಚ್ಚಳ ಬರುವುದಿಲ್ಲ. ಅದನ್ನು ಕೀಳಲೆಂದೇ ಒಂದು ಉಪಕರಣವಿದೆ. ಮೂರು ಕಬ್ಬಿಣದ ಕಾಲು, ನಡುವೆ ಒಂದು ತಿರುಪು, ಮೇಲೊಂದು ಹಿಡಿ. ಕಾಲುಗಳನ್ನು ಕೊಳವೆಯ ಅಂಚಿಗೆ ಊರಿ, ತಿರುಪನ್ನು ಮುಚ್ಚಳಕ್ಕೆ ಸಿಕ್ಕಿಸಿ, ಹಿಡಿ ತಿರುಗಿಸಿದರೆ ಮುಚ್ಚಳ ತೆಪ್ಪಗೆ ಹೊರಗೆ ಬರುತ್ತದೆ. ನೋಡಲು ಶ್ಯಾವಿಗೆ ಒರಳಿನ ತಮ್ಮನಂತಿರುವ ಅದಕ್ಕೆ ಇಂಗ್ಲಿಷಿನಲ್ಲಿ ಪುಲ್ಲರ್ ಎಂದು ಕೊನೆಯಾಗುವ ಮೊಳದುದ್ದದ ಹೆಸರಿದೆ. ಶೀನಪ್ಪ ಮಾತ್ರ ಅದನ್ನು ಮುಕ್ಕಾಲಿ ಎನ್ನುತ್ತಿದ್ದ.

ಕಾರ್ಖಾನೆಯಲ್ಲಿ ಮುಕ್ಕಾಲಿಗಳು ಎರಡು. ಒಂದು ಶೀನಪ್ಪನ ಪೆಟ್ಟಿಗೆಯಲ್ಲಿ, ಇನ್ನೊಂದು ಮ್ಯಾನೇಜರ್ ಲೋಕೇಶನ ಕಪಾಟಿನಲ್ಲಿ. ಯಾವುದೂ ಗೇಟು ದಾಟಬಾರದೆಂದು ಧಾರವಾಡದ ಲೋಕೇಶನೇ ಗೋಡೆಗೆ ನೋಟೀಸು ಅಂಟಿಸಿದ್ದ. ಆದರೆ ಅನ್ನ ಕೊಡುವ ಆಯುಧಕ್ಕೆ ವರ್ಷಕ್ಕೊಂದು ದಿನ ಹೂವೇರಿಸದಿದ್ದರೆ ಹೇಗೆ? ಇನ್ನೊಂದು ಕಪಾಟಿನಲ್ಲಿ ಇದ್ದೇ ಇದೆಯಲ್ಲ ಎಂದು ಧೈರ್ಯ ತಂದುಕೊಂಡು, ೨೦೧೭ರ ಮಹಾನವಮಿಯ ಹಿಂದಿನ ಸಂಜೆ ಶೀನಪ್ಪ ತನ್ನದನ್ನು ಚೀಲಕ್ಕೆ ಹಾಕಿ ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡಿನ ಮನೆಗೆ ತಂದಿದ್ದ.

ನವಮಿ ಶುಕ್ರವಾರ. ಅವನು ರಜೆ ಹಾಕಿದ್ದ. ಅವನ ಆರು ತಿಂಗಳ ಪ್ರೊಬೇಷನ್ ಮುಗಿಯುವುದೂ ಅದೇ ಶುಕ್ರವಾರ. ಸಂಜೆ ಐದರೊಳಗೆ ಲೋಕೇಶ ಕಾಗದಕ್ಕೆ ಸಹಿ ಹಾಕಿದರೆ ಕೆಲಸ ಕಾಯಂ. ಹಾಕದಿದ್ದರೆ ಪ್ರೊಬೇಷನ್ ತಾನಾಗಿಯೇ ಇನ್ನಾರು ತಿಂಗಳು ಮುಂದಕ್ಕೆ ಹೋಗುತ್ತದೆ. "ಚಿಂತೆ ಬೇಡ, ಶುಕ್ರವಾರ ಸಹಿ ಹಾಕ್ತೀನಿ" ಎಂದು ಲೋಕೇಶ ವಾರದ ಹಿಂದೆಯೇ ಮಾತು ಕೊಟ್ಟಿದ್ದ.

ಬೆಳಿಗ್ಗೆ ಹತ್ತಕ್ಕೆ ಅವನದೇ ಫೋನು ಬಂತು.

"ಶೀನಪ್ಪ, ಮೂರನೇ ವೆಸೆಲ್‌ನ ಕ್ಯಾಪ್ ಸೋರ್ತಾ ಇದೆ. ಪ್ಲಾಂಟ್ ನಿಲ್ಲಿಸಿದ್ದೀನಿ. ನಿನ್ನ ಪೆಟ್ಟಿಗೇಲಿ ಪುಲ್ಲರ್ ಇಲ್ವಲ್ಲ?"

ಶೀನಪ್ಪನ ಬಾಯಲ್ಲಿದ್ದ ಕಡುಬು ಅಲ್ಲೇ ನಿಂತಿತು. "ಸರ್, ನಿಮ್ಮ ಕಪಾಟಿನಲ್ಲಿ ಇನ್ನೊಂದು ಉಂಟಲ್ಲ?"

ಆ ಕಡೆಯಿಂದ ಒಂದು ಕೆಮ್ಮು. "ಅದು... ಅದನ್ನ ಕ್ಯಾಲಿಬ್ರೇಷನ್‌ಗೆ ಕಳಿಸಿದ್ದೀನಿ."

ಅಳತೆಯ ಮುಳ್ಳೇ ಇಲ್ಲದ ಮೂರು ಕಾಲಿನ ಕಬ್ಬಿಣಕ್ಕೆ ಅಳತೆ ತಾಳೆ ನೋಡುವ ಎಂಥ ಕ್ಯಾಲಿಬ್ರೇಷನ್ ಎಂದು ಬೇರೆ ದಿನವಾದರೆ ಶೀನಪ್ಪ ಕೇಳುತ್ತಿದ್ದ. ಈಗ ಕಳ್ಳನ ಮನಸ್ಸು ಹುಳ್ಳಹುಳ್ಳಗಾಗಿತ್ತು. "ನನ್ನದು ಭದ್ರವಾಗಿ ಲಾಕರಿನಲ್ಲಿಟ್ಟಿದ್ದೇನೆ ಸರ್. ಕೀ ನನ್ನ ಹತ್ರ ಉಂಟು. ಈಗಲೇ ಹೊರಟೆ."

"ಬೇಗ ಬಾ. ಕ್ಯಾನರಿ ವಾರ್ಫ್ ಬ್ಯಾಂಕಿನೋರಿಗೆ ಇವತ್ತೇ ನೀರು ಹೋಗ್ಬೇಕು. ನಿನ್ನ ಕಾಗದ ನನ್ನ ಟೇಬಲ್ ಮೇಲೇ ಇದೆ, ನೆನಪಿರಲಿ."

ಶೀನಪ್ಪ ಮೆಲ್ಲನೆ ದೇವರ ಕಡೆ ಕೈ ಚಾಚಿದ. ಅಡುಗೆಮನೆಯಿಂದ ಹೆಂಡತಿ ಸ್ವರ್ಣಲತಾ ಸಟ್ಟುಗದ ಸಮೇತ ಓಡಿ ಬಂದಳು.

"ಹ್ವಾಯ್, ಎಂತ ಮಾಡ್ತಿದ್ರಿ? ಪೂಜೆಗಿಟ್ಟದ್ದನ್ನ ನಾಳೆ ಬೆಳಿಗ್ಗೆ ತನಕ ಮುಟ್ಟುಕಾಗ!"

"ಅಲ್ಲ ಮಾರಾಯ್ತಿ, ಅಲ್ಲಿ ಕಾರ್ಖಾನೆಯೇ ನಿಂತಿತ್..."

"ನಿಲ್ಲಲಿ. ಮಿಶಿನ್ನಿಗೂ ಒಂದಿನ ರಜೆ ಬೇಡ್ದಾ? ಕತ್ತಿ ಪೂಜೆಗಿಟ್ಟು ನಾನು ಅಳಸಂಡೆನ ಕೈಯಗೇ ಮುರಿತಿಲ್ಯಾ?"

ಟ್ಯಾಬ್ಲೆಟ್ಟಿನೊಳಗಿಂದ ಅತ್ತೆಯ ದನಿ ಕೇಳಿಸಿತು. "ಶೀನಪ್ಪ, ದೀಪಕ್ಕೆ ಅಡ್ಡ ಬಂದ್ರಿ. ಒಂಚೂರ್ ಬದಿಗ್ ನಿಲ್ಲಿ."

ಶೀನಪ್ಪ ಬದಿಗೆ ನಿಂತ. ಸ್ವರ್ಣಲತಾ ಅಡುಗೆಮನೆಗೆ ಮರಳಿದಳು. ಅವನಿಗೆ ಉಳಿದದ್ದು ಒಂದೇ ಆಸೆ. ಕುಂದಾಪುರದ ಅತ್ತೆಯ ಓಣಿಯಲ್ಲಿ ದಿನಾ ಮಧ್ಯಾಹ್ನ ಎರಡೂವರೆಗೆ ಕರೆಂಟು ಹೋಗುತ್ತದೆ. ಲಂಡನ್ನಿನಲ್ಲಿ ಅದು ಹತ್ತು ಗಂಟೆ. ಊರಿನಲ್ಲಿದ್ದಷ್ಟು ವರ್ಷ ಕರೆಂಟಿಗೆ ಶಾಪ ಹಾಕಿದ್ದ ಮನುಷ್ಯ, ಈಗ ಸಮುದ್ರದಾಚೆ ಕೂತು, ಒಂದೈದು ನಿಮಿಷ ಹೋಗಪ್ಪಾ ಎಂದು ದೇವರನ್ನು ಬೇಡಿಕೊಂಡ. ಹತ್ತೂವರೆಯಾದರೂ ಅತ್ತೆಯ ತಲೆಯ ಮೇಲೆ ಬಲ್ಬು ಉರಿಯುತ್ತಲೇ ಇತ್ತು.

ಆಗ ಕಡುಬಿನ ವಾಸನೆ ಹಿಡಿದು ಪಕ್ಕದ ಮನೆಯ ಸ್ಟ್ಯಾನಿಸ್ಲಾಸ್ ಬಂದ. ಉಡುಪಿ ಕಡೆಯವನು. ಇಲ್ಫರ್ಡಿನ ಹಿಂದಿನ ಬೀದಿಯಲ್ಲಿ ಅವನದೊಂದು ಸಣ್ಣ ಗ್ಯಾರೇಜು.

"ಎಂತ ಶೀನಪ್ಪಣ್ಣ, ಹಬ್ಬದ ದಿನ ಹೀಗೆ ಬಾಗಿಲಲ್ಲಿ ಕೂತದ್ದು?"

ಶೀನಪ್ಪ ಅವನನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ ಎಲ್ಲ ತೋಡಿಕೊಂಡ.

"ಇಷ್ಟೇಯಾ?" ಎಂದ ಸ್ಟ್ಯಾನಿಸ್ಲಾಸ್. "ಇನ್ನು ಒಂದೂವರೆ ಗಂಟೆಯಲ್ಲಿ ನ್ಯೂಜಿಲೆಂಡಿನಲ್ಲಿ ನಾಳೆ ಆಗ್ತದೆ. ಅಲ್ಲಿಯ ಲೆಕ್ಕ ಹಿಡಿದು ಎತ್ತಿಬಿಡಿ."

"ನಮ್ಮ ಅತ್ತೆಗೆ ಕುಂದಾಪುರದಲ್ಲಿ ಸೂರ್ಯ ಹುಟ್ಟದೆ ನಾಳೆ ಆಗುದಿಲ್ಲ ಸ್ಟ್ಯಾನಿ."

ಸ್ಟ್ಯಾನಿಸ್ಲಾಸ್ ಗಡ್ಡ ಕೆರೆದುಕೊಂಡ. ಮರುಕ್ಷಣವೇ ಗ್ಯಾರೇಜಿಗೆ ಓಡಿ, ಜಾಕೆಟ್ಟಿನೊಳಗೆ ಏನನ್ನೋ ಮುಚ್ಚಿಕೊಂಡು ಬಂದ. ಚಕ್ರದ ಬೇರಿಂಗ್ ಎಳೆಯುವ ಪುಲ್ಲರ್! ಮೂರು ಕಾಲು, ನಡುವೆ ತಿರುಪು, ಅದೇ ಎತ್ತರ. ಗ್ರೀಸು ಒರೆಸಿದರೆ ಮುಕ್ಕಾಲಿಯ ಒಡಹುಟ್ಟು.

"ನಾನು ಅಮ್ಮನ ಹತ್ರ ಮಾತಾಡ್ತೇನೆ. ನೀವು ಬದಲಾಯಿಸಿ" ಎಂದವನೇ ಸ್ಟ್ಯಾನಿಸ್ಲಾಸ್ ಸೀದಾ ಒಳಗೆ ಹೋಗಿ ಟ್ಯಾಬ್ಲೆಟ್ಟಿನ ಮುಂದೆ ನಿಂತ. ಅವನ ಮೈಕಟ್ಟಿಗೆ ಟ್ಯಾಬ್ಲೆಟ್ಟೇನು, ಒಂದು ಬಾಗಿಲೇ ಮುಚ್ಚಿಹೋಗುತ್ತಿತ್ತು.

"ನಮಸ್ಕಾರ ಅಮ್ಮಾ! ನಿಮ್ಮ ಮೊಣಕಾಲು ನೋವು ಹೇಗುಂಟು?"

ಕೇಳಬಾರದ್ದನ್ನು ಕೇಳಿದ್ದ. ಕಾಮಾಕ್ಷಮ್ಮ ಎಡ ಮೊಣಕಾಲಿನಿಂದ ಶುರು ಮಾಡಿ ಬಲ ಮೊಣಕಾಲಿಗೆ ಬರುವಷ್ಟರಲ್ಲಿ ಶೀನಪ್ಪ ಮುಕ್ಕಾಲಿಯನ್ನು ಎತ್ತಿ ಚೀಲಕ್ಕೆ ತುರುಕಿದ. ಸ್ಟ್ಯಾನಿಸ್ಲಾಸನ ಪುಲ್ಲರನ್ನು ಅಲ್ಲಿಟ್ಟು, ಬಲಗಾಲಿನ ಸಂದಿಗೆ ಅದೇ ಸೇವಂತಿಗೆಯನ್ನು ಸಿಕ್ಕಿಸಿ, ನೆತ್ತಿಗೆ ನಿಂಬೆಹಣ್ಣು ಚುಚ್ಚಿದ. ಸ್ಟ್ಯಾನಿಸ್ಲಾಸ್ ಸರಿದು ನಿಂತ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಶೀನಪ್ಪ ಚೀಲವನ್ನು ಬೆನ್ನ ಹಿಂದೆ ಸರಿಸಿದ.

"ಸ್ವರ್ಣಾ," ಎಂದರು ಕೊನೆಗೆ, "ಆಯುಧಕ್ಕೆ ಕುಂಕುಮ ಕಮ್ಮಿ ಆಯ್ತ್ ಕಾಣ್. ಹನ್ನೆರಡು ಗಂಟೆಗೆ ಸರಿಯಾಗಿ ಮಂಗಳಾರತಿ ಮಾಡು, ನಾನ್ ಕಾಣ್ಕ್."

"ಮುಕ್ಕಾಲಿ ಇಲ್ಲದೆ ಕೈಯಗೇ ಎಳ್ದ್ ಕಾಂತೆ. ನೀನ್ ಅಳಸಂಡೆ ಮುರ್ದ ಹಾಂಗೆ" ಎಂದು ಹೆಂಡತಿಗೆ ಹೇಳಿ ಶೀನಪ್ಪ ಹೊರಟ. ಗಂಡನಿಗೆ ಇಷ್ಟಾದರೂ ಭಯಭಕ್ತಿ ಬಂತಲ್ಲ ಎಂದು ಸ್ವರ್ಣಲತಾ ಸಂತೋಷಪಟ್ಟು ಬುತ್ತಿಗೆ ನಾಲ್ಕು ಕಡುಬು ಕಟ್ಟಿಕೊಟ್ಟಳು. ಆ ಕಡುಬು ಅವನ ಹೊಟ್ಟೆಗೆ ಹೋಗುವುದು ಬರೆದಿರಲಿಲ್ಲ.

ಲಿವರ್‌ಪೂಲ್ ಸ್ಟ್ರೀಟಿನಲ್ಲಿ ರೈಲಿಳಿದು ನೆಲದಡಿಯ ಟ್ಯೂಬ್ ರೈಲಿನ ಕಡೆ ಓಡುತ್ತಿದ್ದಾಗ ಪೊಲೀಸಿನವನೊಬ್ಬನ ನಾಯಿ ಅವನ ಚೀಲಕ್ಕೆ ಮೂತಿ ಹಾಕಿ ಅಲ್ಲೇ ಕೂತುಬಿಟ್ಟಿತು. ಎಳೆದರೂ ಏಳಲೊಲ್ಲದು. ಸುತ್ತಲಿನವರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಪೊಲೀಸಿನವನು ಚೀಲ ತೆರೆಸಿದ. ಹಳದಿ, ಕೆಂಪು ಬಳಿದುಕೊಂಡ ಮೂರು ಕಾಲಿನ ಕಬ್ಬಿಣ, ಅದರ ತಿರುಪಿನ ಸಂದಿಯಲ್ಲಿ ನಾಲ್ಕಾರು ಸೇವಂತಿಗೆ ಎಸಳು.

ಇದು ಏನು ಎಂದು ಅವನು ಕೇಳಿದ. ಮೆಂಬ್ರೇನ್ ವೆಸೆಲ್ಲಿನ ಎಂಡ್ ಕ್ಯಾಪ್ ಕೀಳುವ ಸಾಧನ ಎಂದು ಶೀನಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ. ಜೀವನದಲ್ಲಿ ಅಷ್ಟು ಸುಳ್ಳಿನಂತೆ ಕೇಳಿಸುವ ಸತ್ಯವನ್ನು ಅವನು ಎಂದೂ ಹೇಳಿರಲಿಲ್ಲ. ಹಾಗಾದರೆ ಹೂವು ಯಾಕೆ? ಇವತ್ತು ಇದರ ಹಬ್ಬ ಸರ್, ವರ್ಷಕ್ಕೊಂದೇ ಸಲ. ಪೊಲೀಸಿನವನು ಶೀನಪ್ಪನ ಮುಖವನ್ನು ನೋಡಿದ, ಕಬ್ಬಿಣವನ್ನು ನೋಡಿದ, ಕಬ್ಬಿಣಕ್ಕೆ ಗಂಭೀರವಾಗಿ ಹಬ್ಬದ ಶುಭಾಶಯ ಹೇಳಿ ಕಳಿಸಿಕೊಟ್ಟ. ಅಷ್ಟರಲ್ಲಿ ನಾಯಿ ನಾಲ್ಕೂ ಕಡುಬು ಮುಗಿಸಿತ್ತು. ಅದರ ಮೂಗಿನ ಮೇಲೆ ದುಂಡಗೆ ಕುಂಕುಮ.

ಅಕ್ಸ್‌ಬ್ರಿಡ್ಜಿನವರೆಗೂ ಶೀನಪ್ಪ ಕರವಸ್ತ್ರದಿಂದ ಮುಕ್ಕಾಲಿಯನ್ನು ಉಜ್ಜಿದ. ಕುಂಕುಮ ಹೋಗಲಿಲ್ಲ, ಅಂಗಿಗೂ ಹತ್ತಿತು. ಸಂದಿಯ ಎಸಳೂ ಬರಲಿಲ್ಲ. ಕಾರ್ಖಾನೆ ಹೊಕ್ಕಾಗ ಲೋಕೇಶ ಒದ್ದೆ ಕೈಯಲ್ಲಿ ಮೂರನೇ ವೆಸೆಲ್ಲಿನ ಹತ್ತಿರವೇ ನಿಂತಿದ್ದ.

"ಲಾಕರ್‌ನಲ್ಲಿ ಇತ್ತು ಅಂದೆ?" ಲೋಕೇಶ ಮುಕ್ಕಾಲಿಯನ್ನು ನೋಡಿ ಹುಬ್ಬೇರಿಸಿದ. "ನಿನ್ನ ಲಾಕರ್‌ನಲ್ಲಿ ಸೇವಂತಿಗೆ ಬೆಳೆಯುತ್ತಾ?"

"ಸರ್, ಅದು..."

"ಗೋಡೆ ಮೇಲೆ ನೋಟೀಸ್ ಯಾಕೆ ಹಾಕಿರೋದು ಶೀನಪ್ಪ? ಕಂಪನಿ ಸಾಮಾನನ್ನ ಮನೆಗೆ ಹೊತ್ಕೊಂಡು ಹೋಗಿ, ಅದಕ್ಕೆ ಅರಿಶಿನ ಕುಂಕುಮ ಬಳಿದು... ಇದನ್ನ ಮೇಲಿನವರಿಗೆ ತಿಳಿಸಿದ್ರೆ ನಿನ್ನ ಕಾಗದದ ಗತಿ ಏನು?"

ಆರು ತಿಂಗಳ ಬೆವರು ಒಂದು ಹೂವಿಗೆ ಹೋಯಿತು ಎಂದುಕೊಂಡ ಶೀನಪ್ಪ. ಅದೇ ಹೊತ್ತಿಗೆ ಮೇಜಿನ ಮೇಲಿದ್ದ ಲೋಕೇಶನ ಫೋನು ಹೊಡೆದುಕೊಂಡಿತು. ಕೈ ಒದ್ದೆಯಾಗಿದ್ದರಿಂದ ಅವನು ಮೊಣಕೈಯಿಂದ ಸ್ಪೀಕರ್ ಒತ್ತಿದ. ಮನೆಯಿಂದ ಅವನ ತಾಯಿ ರತ್ನವ್ವನ ಗಂಟೆಯಂಥ ದನಿ ಇಡೀ ಕಾರ್ಖಾನೆಯನ್ನು ತುಂಬಿತು.

"ಲೋಕ್ಯಾ! ನಿನ್ನ ಮೂರು ಕಾಲಿಂದು ಕಬ್ಬಿಣದ್ದು ಪೂಜಾಕ್ಕ ಇಟ್ಟಿಯಲ್ಲ, ಅದಕ್ಕ ಎಡಿಗೆ ಒಂದ ಹೋಳಿಗಿ ಸಾಕೋ, ಕಾಲಿಗೊಂದರಂಗ ಮೂರು ಇಡ್ಲ್ಯೋ?"

ಲೋಕೇಶ ಫೋನನ್ನು ನೋಡಿದ. ಶೀನಪ್ಪ ಲೋಕೇಶನನ್ನು ನೋಡಿದ. ವೆಸೆಲ್ಲಿನಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು.

"ಕ್ಯಾಲಿಬ್ರೇಷನ್ ಹೇಗೆ ನಡೀತಾ ಉಂಟು ಸರ್?" ಎಂದ ಶೀನಪ್ಪ.

ಲೋಕೇಶನ ಬಿಗಿದ ಮುಖ ಮೊದಲು ಕೆಂಪಾಯಿತು, ಆಮೇಲೆ ಸಡಿಲಾಯಿತು, ಕೊನೆಗೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. "ಮೂರು ಇಡವ್ವ" ಎಂದು ಫೋನಿಟ್ಟು ಹೇಳಿದ, "ನಿಂದು ಇಲ್ಲೇ ಇರುತ್ತಲ್ಲ ಅನ್ನೋ ಧೈರ್ಯಕ್ಕೆ ನಂದನ್ನ ಮನೆಗೆ ತಗೊಂಡು ಹೋದೆ ಮಾರಾಯ. ಬೆಳಿಗ್ಗೆ ವಾಪಸ್ ಕೇಳಿದ್ದಕ್ಕೆ ಅವ್ವ ಸೌಟು ಎತ್ಕೊಂಡ್ಲು."

"ನಮ್ಮಲ್ಲಿ ಸಟ್ಟುಗ ಸರ್."

ಇಬ್ಬರೂ ಮುಕ್ಕಾಲಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ತಪ್ಪಾಯಿತು ಎಂದು ಬೇಡಿಕೊಂಡರು. ಶೀನಪ್ಪ ಕಾಲುಗಳನ್ನು ಊರಿ ಹಿಡಿ ತಿರುಗಿಸಿದ. ಮುಚ್ಚಳ ಟಪ್ಪೆಂದು ಬಂತು. ಹರಿದಿದ್ದ ರಬ್ಬರ್ ಉಂಗುರ ಬದಲಾಯಿಸಿ ಮುಚ್ಚಳ ಕೂರಿಸಿದ್ದಾಯಿತು. ಎರಡು ಗಂಟೆಗೆ ಪ್ಲಾಂಟು ಮತ್ತೆ ಗುನುಗತೊಡಗಿತು. ಶೀನಪ್ಪನಿಗೆ ಹಾಡಬೇಕೆನ್ನಿಸಿತು. ಲೋಕೇಶನ ಗುಟ್ಟು ಕೈಯಲ್ಲಿದೆ, ಕೆಲಸ ಆಗಿದೆ, ಇನ್ನೇನು ಬೇಕು?

"ಸರ್, ಆ ಕಾಗದ?" ಎಂದು ಜೇಬಿನಿಂದ ಪೆನ್ನು ತೆಗೆದು ಮುಂದೆ ಚಾಚಿದ.

ಲೋಕೇಶ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಶೀನಪ್ಪ, ಬೇಜಾರು ಮಾಡ್ಕೋಬೇಡ. ಪುಸ್ತಕ ಪೆನ್ನು ಎಲ್ಲಾ ಸರಸ್ವತಿ ಮುಂದೆ ಇಟ್ಟಿದ್ದೀವಿ. ನಾಳೆವರೆಗೂ ಒಂದಕ್ಷರ ಬರೆಯಲ್ಲ ಅಂತ ಅವ್ವನ ತಲೆ ಮುಟ್ಟಿ ಆಣೆ ಮಾಡಿದ್ದೀನಿ."

"ಈಗಷ್ಟೇ ಬ್ಯಾಂಕಿನವರಿಗೆ ಟೈಪ್ ಮಾಡಿ ಕಳಿಸಿದ್ರಲ್ಲ ಸರ್!"

"ಟೈಪ್ ಮಾಡೋದು ಬೇರೆ, ಬರೆಯೋದು ಬೇರೆ. ಹೆಡ್ ಆಫೀಸಿನವರಿಗೆ ಕೈಯಲ್ಲೇ ಹಾಕಿದ ಸಹಿ ಬೇಕು."

"ಶುಕ್ರವಾರ ಹಾಕ್ತೇನೆ ಅಂತ ಮಾತು ಕೊಟ್ಟಿದ್ರಿ."

"ಕೊಟ್ಟಾಗ ಅವ್ವನ್ನ ಕೇಳಿರಲಿಲ್ಲ." ಲೋಕೇಶ ನಿಜವಾಗಿ ನೊಂದುಕೊಂಡೇ ಅವನ ಭುಜ ತಟ್ಟಿದ. "ಆರು ತಿಂಗಳು ತಾನೆ? ಕಣ್ಣು ಮುಚ್ಚಿ ತೆರೆಯೋದರಲ್ಲಿ ಕಳೆದುಹೋಗುತ್ತೆ."

ಶೀನಪ್ಪ ಪೆನ್ನನ್ನು ಜೇಬಿಗಿಟ್ಟ. ಪೂಜೆಗಿಟ್ಟದ್ದನ್ನು ಕದ್ದು ಎತ್ತಿಕೊಂಡು ಬಂದವನು ಇನ್ನೊಬ್ಬನಿಗೆ ಆಣೆ ಮುರಿ ಎಂದು ಯಾವ ಬಾಯಲ್ಲಿ ಹೇಳುವುದು? ನಾಳೆ ಬೆಳಿಗ್ಗೆವರೆಗಾದರೂ ಮುಕ್ಕಾಲಿ ದೇವರ ಹತ್ತಿರ ಇರಲಿ ಎಂದು ಲೋಕೇಶನೇ 'ಕ್ಯಾಲಿಬ್ರೇಷನ್' ಎಂದು ಚೀಟಿ ಟೈಪು ಮಾಡಿ ಅದನ್ನು ಅವನ ಜೊತೆ ಗೇಟು ದಾಟಿಸಿದ.

ನಾಲ್ಕೂವರೆಗೆ ಶೀನಪ್ಪ ಮನೆ ತಲುಪಿದಾಗ ಬಾಗಿಲಲ್ಲೇ ಸ್ಟ್ಯಾನಿಸ್ಲಾಸ್ ಲಾಡಿನ ಡಬ್ಬ ಹಿಡಿದು ಕುಣಿಯುತ್ತಿದ್ದ.

"ಶೀನಪ್ಪಣ್ಣಾ! ಬಾಡಿಗೆ ಕಾರಿನ ಕಂಪನಿಯವರ ಹಿಂದೆ ಎರಡು ವರ್ಷದಿಂದ ತಿರುಗ್ತಿದ್ದೆ ಅಲ್ವಾ? ಫೋನು ಬಂತು ಮಾರಾಯ್ರೆ! ನಲವತ್ತು ಕಾರು ಇನ್ನು ನನ್ನ ಗ್ಯಾರೇಜಿಗೇ!" ಆಮೇಲೆ ದನಿ ತಗ್ಗಿಸಿ, "ಸರಿಯಾಗಿ ಹನ್ನೆರಡು ಗಂಟೆಗೆ. ಸ್ವರ್ಣಕ್ಕ ನನ್ನ ಪುಲ್ಲರಿಗೆ ಮಂಗಳಾರತಿ ಮಾಡ್ತಾ ಇದ್ದ ಹೊತ್ತಿಗೇ!"

ಶೀನಪ್ಪ ಚೀಲವನ್ನು ಎದೆಗೆ ಅಪ್ಪಿಕೊಂಡ. "ಒಳ್ಳೆಯದಾಯ್ತು ಸ್ಟ್ಯಾನಿ. ಈಗ ಬಾ, ಅತ್ತೆಯನ್ನು ಮಾತಾಡಿಸು. ನಿನ್ನದನ್ನು ತೆಗೆದು ನನ್ನದನ್ನು ಇಡ್ತೇನೆ."

ಸ್ಟ್ಯಾನಿಸ್ಲಾಸ್ ಗಾಬರಿಯಿಂದ ಬಾಗಿಲಿಗೆ ಅಡ್ಡ ನಿಂತ. "ಎಂತ ಹೇಳ್ತೀರಿ? ಪೂಜೆಗಿಟ್ಟದ್ದನ್ನು ನಾಳೆ ಬೆಳಿಗ್ಗೆವರೆಗೆ ಮುಟ್ಟಬಾರದು!"

ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಕುಂದಾಪುರದಲ್ಲಿ ಆಗಲೇ ರಾತ್ರಿ ಒಂಬತ್ತು. "ಶೀನಪ್ಪ, ಬಂದ್ರ್ಯಾ? ಬೆಳಿಗ್ಗಿಂದ ಕಣ್ ಮುಚ್ಚದೆ ನಿಮ್ಮ ಆಯುಧನ ಕಾಯ್ತಾ ಕೂತಿದ್ದೆ. ಒಂದ್ ಹೂವೂ ಅಲುಗಲಿಲ್ಲೆ. ಈ ಪೂಜೆಯ ಫಲ ಸಿಕ್ಕಿಯೇ ಸಿಕ್ಕತ್, ಕಾಣಿ ಬೇಕಾರೆ."

"ಸಿಕ್ಕಿತ್ ಅತ್ತೆ" ಎಂದ ಶೀನಪ್ಪ. ಮುಕ್ಕಾಲಿಯನ್ನು ಬಾಗಿಲ ಹಿಂದೆ ಚಪ್ಪಲಿಗಳ ಪಕ್ಕಕ್ಕಿಟ್ಟು, ಸ್ಟ್ಯಾನಿಸ್ಲಾಸನ ಡಬ್ಬದಿಂದ ಒಂದು ಲಾಡು ತೆಗೆದು ಬಾಯಿಗೆ ಹಾಕಿಕೊಂಡ.