ಫಕ್ಕೀರವ್ವನ ಕುರ್ಚಿವಿಜಯ

ಯಾವ ಕಾಲದಲ್ಲಿ ಹಾಲಿನ ಪುಡಿಯು ಬಿಸಿನೀರಿನಲ್ಲಿ ಕದಡಿ ದಿನಕ್ಕೊಮ್ಮೆ ಕ್ಷೀರಸಾಗರವಾಗುತ್ತಿತ್ತೋ, ಯಾವ ಕಾಲದಲ್ಲಿ ಶಾಲೆಯ ಗೋಡೆಗಳ ಮೇಲೆ ಅ ಎಂದರೆ ಅಳಿಲು, ಆ ಎಂದರೆ ಆನೆ ಎಂಬ ಸತ್ಯವು ಬಣ್ಣದಲ್ಲಿ ಕಂಗೊಳಿಸುತ್ತಿತ್ತೋ, ಯಾವ ಕಾಲದಲ್ಲಿ ಏಪ್ರಿಲ್ ಹತ್ತರ ಸೂರ್ಯನು ಗದಗ ಸೀಮೆಯ ಎರೆಹೊಲಗಳ ಮೇಲೆ ಯಾರ ಮುಲಾಜೂ ಇಲ್ಲದೆ ಉರಿಯುತ್ತಿದ್ದನೋ, ಆ ಕಾಲದಲ್ಲಿ, ಕರೆಹೊಂಡದಕೊಪ್ಪವೆಂಬ ಊರಿನ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ, ವರ್ಷದ ಕಡೆಯ ದಿನ ನಡೆದ ಘೋರ ಸಮರವೊಂದನ್ನು ಹೇಳಹೊರಟಿದ್ದೇನೆ. ಸುಣ್ಣದಕಡ್ಡಿಯ ಧೂಳಿನಲ್ಲಿ ನೆಲೆಸಿದ ವಾಗ್ದೇವಿಯೇ, ಕರಿಹಲಗೆಯ ಮೇಲೆ ನಿತ್ಯ ಅಳಿದು ನಿತ್ಯ ಮೂಡುವವಳೇ, ನನ್ನ ನಾಲಗೆಗೆ ಬಲ ಕೊಡು. ಇದು ಒಂದು ಪ್ಲಾಸ್ಟಿಕ್ ಕುರ್ಚಿಯ ವಿಷಯವೆಂದು ಕೇಳುವವರು ಹಗುರವಾಗಿ ಎಣಿಸದಿರಲಿ.

ಸಮರದ ನಾಯಕಿ ಫಕ್ಕೀರವ್ವ. ಧೂಮಾರುಣನೇತ್ರೆ, ಸಾರುಸಾಗರಮಥನನಿಪುಣೆ, ಇಬ್ಬರು ಗಂಡಸರು ಎತ್ತಲಾರದ ಅನ್ನದ ಡಬರಿಯನ್ನು ಒಬ್ಬಳೇ ಎತ್ತಿ ಒಂದು ಹನಿ ಗಂಜಿಯೂ ಚೆಲ್ಲದಂತೆ ಬಸಿಯಬಲ್ಲ ಭುಜಬಲಶಾಲಿನಿ. ಹದಿನಾರು ಸಂವತ್ಸರಗಳಿಂದ ಆ ಶಾಲೆಯ ನೂರಾ ನಲವತ್ತು ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತ ಬಂದವಳು. ಮಧ್ಯಾಹ್ನ ಒಂದೂಕಾಲಿಗೆ ಗಂಟೆ ಬಾರಿಸಿದಾಗ ಪ್ರಳಯದಂತೆ ನುಗ್ಗಿ ಬರುವ ಆ ಹಸಿವಿನ ಸೇನೆಯನ್ನು ಕೈಯಲ್ಲೊಂದು ಸೌಟು ಹಿಡಿದು, ಬಾಗಿಲಲ್ಲಿ ನಿಂತು, "ಸಾಲು ಹಚ್ಚಿ ಬರ್ರಿ" ಎಂಬ ಮೂರೇ ಮಾತಿನಲ್ಲಿ ತಡೆದವಳು.

ಪ್ರತಿನಾಯಕಿ ವಿಜಯಮಾಲಾ ಹಂಚಿನಾಳ, ಆ ಶಾಲೆಯ ಮುಖ್ಯಾಧ್ಯಾಪಕಿ. ಕಳೆದ ಜೂನ್ ತಿಂಗಳಲ್ಲಿ ವರ್ಗವಾಗಿ ಬಂದವಳು. ರಕ್ತವರ್ಣಲೇಖನೀಧಾರಿಣಿ, ಹಾಜರಿಪುಸ್ತಕಪರಿಪಾಲಿನಿ, ಕನ್ನಡಕದ ಮೇಲಂಚಿನಿಂದ ಬೀರುವ ಒಂದೇ ನೋಟಕ್ಕೆ ಏಳನೆಯ ತರಗತಿಯನ್ನು ಮೌನಸಾಗರದಲ್ಲಿ ಮುಳುಗಿಸಬಲ್ಲವಳು. ಮಕ್ಕಳು, ತಾಯಂದಿರು, ಅಡುಗೆಯವರು ಎಲ್ಲರೂ ಅವಳನ್ನು ದೊಡ್ಡ ಅಕ್ಕೋರು ಎಂದು ಕರೆಯುತ್ತಿದ್ದರು.

ಇಂಥ ಇಬ್ಬರು ಮಹಾಸತ್ವೆಯರ ನಡುವೆ ವೈರದ ಬೀಜ ಬಿದ್ದುದು ಗೋಧಿ ಹುಗ್ಗಿಯಿಂದ.

ಶಾಲೆಯ ವರ್ಷ ಮುಗಿಯುವ ದಿನ ಫಕ್ಕೀರವ್ವ ಹುಗ್ಗಿ ಮಾಡುವುದು ಹದಿನಾರು ವರ್ಷಗಳ ಪದ್ಧತಿ. ಕುಟ್ಟಿದ ಗೋಧಿ, ಬೆಲ್ಲ, ಒಣಕೊಬ್ಬರಿ, ಗಸಗಸೆ. ಸೂರ್ಯ ಹುಟ್ಟುವ ಮೊದಲೇ ಒಲೆ ಹೊತ್ತಿದರೆ ಮಧ್ಯಾಹ್ನಕ್ಕೆ ಅದು ಹದವಾಗುತ್ತಿತ್ತು. ಉತ್ತೀರ್ಣರಾದವರೂ, ಹೇಗೋ ಮುಂದೆ ತಳ್ಳಲ್ಪಟ್ಟವರೂ ಒಂದೇ ಸಾಲಿನಲ್ಲಿ ಕುಳಿತು ಅದನ್ನು ಉಂಡು ಬೇಸಿಗೆ ರಜೆಗೆ ಹೋಗುತ್ತಿದ್ದರು. ಹೀಗಿರಲು, ಕಡೆಯ ದಿನಕ್ಕೆ ಎಂಟು ದಿನ ಇರುವಾಗ, ವಿಜಯಮಾಲೆಯು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನುಡಿದಳು:

"ಫಕ್ಕೀರವ್ವ, ಈ ಸಲ ಹುಗ್ಗಿ ಬ್ಯಾಡ್ರಿ. ಬೇಕರಿಗೆ ಲಾಡು ಹೇಳೇನಿ. ನೀವು ಅನ್ನ, ಸಾರು ಅಷ್ಟ ಮಾಡ್ರಿ ಸಾಕು."

ಸೌಟು ಡಬರಿಯಲ್ಲಿ ಅರ್ಧ ಸುತ್ತಿಗೆ ನಿಂತಿತು. ಫಕ್ಕೀರವ್ವ ತಿರುಗಿ ನೋಡಲಿಲ್ಲ.

"ಹೂಂ," ಎಂದಳು.

ಆ ಕ್ಷಣದಿಂದ ಎಂಟು ದಿನ ಆಕೆಯ ಬಾಯಿಂದ ದೊಡ್ಡ ಅಕ್ಕೋರಿಗೆ ಈ ಒಂದಕ್ಷರದ ಹೊರತು ಬೇರೆ ಮಾತು ಹೊರಡಲಿಲ್ಲ. ನಾಷ್ಟಾ ಆತೇನ್ರಿ ಎಂದರೆ ಹೂಂ. ಮೊಮ್ಮಗಳು ಆರಾಮ ಅದಾಳೇನ್ರಿ ಎಂದರೆ ಹೂಂ. ಗ್ಯಾಸ್ ಮುಗೀತೇನ್ರಿ ಎಂದದ್ದಕ್ಕೂ ಆಕೆ ಹೂಂ ಎಂದುದರಿಂದ, ಮುಗಿಯದ ಸಿಲಿಂಡರಿನ ಪಕ್ಕದಲ್ಲಿ ಎರಡನೆಯ ಸಿಲಿಂಡರ್ ಬಂದು ಕುಳಿತಿತು. ಆದರೆ ಜೊತೆಗೆ ಅಡುಗೆ ಮಾಡುವ ಕಸ್ತೂರೆವ್ವನ ಮುಂದೆ, ಅಕ್ಕಿ ಆರಿಸುತ್ತ ಕುಳಿತ ಒಂದು ಮಧ್ಯಾಹ್ನ, ಆ ವೀರಾಂಗನೆಯ ಬಾಯಿ ಬಿಚ್ಚಿತು.

"ನನ್ನ ಹುಗ್ಗಿ ಉಂಡ ಹುಡುಗ್ರು ಈಗ ಪೊಲೀಸ್ ಅದಾರ, ನರ್ಸ್ ಅದಾರ, ಒಬ್ಬಾಂವ ಬಸ್ಸಿನ ಕಂಡಕ್ಟರ್ ಅದಾನ. ಯಾರರ ಒಬ್ರು ಹೊಟ್ಟಿ ನೋವು ಅಂದಾರೇನ ಕಸ್ತೂರಿ? ಅಕ್ಕೋರಿಗೆ ಅದರಾಗ ಏನ್ ಕೊರತಿ ಕಂಡ್ತು?"

ಕಸ್ತೂರೆವ್ವ ಒಂದು ಕಲ್ಲು ಆರಿಸಿ ಹೊರಗೆಸೆದಳು.

ಬಂದಿತು ಏಪ್ರಿಲ್ ಹತ್ತು. ಬೇವಿನ ಮರದ ಕೆಳಗೆ ಜಮಖಾನೆ ಹಾಸಿತ್ತು. ಬಣ್ಣದ ಕಾಗದದ ಮಾಲೆಗಳು ಬಿಸಿಗಾಳಿಗೆ ಪಟಪಟ ಎನ್ನುತ್ತಿದ್ದವು. ಫಲಿತಾಂಶ ಓದಿ ಆಯಿತು. ಮೂರನೆಯ ತರಗತಿಯ ಕುಣಿತವಾಯಿತು. ಅದರ ನಡುವೆ ಒಬ್ಬಳ ಗೆಜ್ಜೆ ಬಿಚ್ಚಿ ಹೋಗಿ ಅವಳು ಕುಣಿತ ನಿಲ್ಲಿಸಿ ಅದನ್ನು ಕಟ್ಟಿಕೊಂಡು ಮುಂದುವರಿಸಿದಳು. ಆಮೇಲೆ ದೈಹಿಕ ಶಿಕ್ಷಕ ಗೂಳಪ್ಪ ಮಾಸ್ತರನು ಮೈಕಿನಲ್ಲಿ ಘೋಷಿಸಿದನು:

"ಈಗ ಮಹಿಳೆಯರಿಗೆ ಕುರ್ಚಿ ಆಟ. ತಾಯಂದಿರು, ಶಿಕ್ಷಕಿಯರು, ಎಲ್ಲಾರೂ ಬರ್ರಿ. ಒಂಬತ್ತು ಕುರ್ಚಿ ಅದಾವ, ಹತ್ತು ಮಂದಿ ಬೇಕು. ಒಬ್ರು ಕಡಿಮಿ ಅದಾರ. ಏ ಫಕ್ಕೀರವ್ವ, ನೀವ ಬರ್ರಿ!"

ಫಕ್ಕೀರವ್ವ ಆಗ ಅನ್ನ ಬಸಿದ ಗಂಜಿಯನ್ನು ಬೇಲಿಯ ಬುಡಕ್ಕೆ ಚೆಲ್ಲಿ ಹಿಂದಿರುಗುತ್ತಿದ್ದಳು. ಒಲ್ಲೆನೆಂದು ಆಡಿಸಲು ಕೈ ಎತ್ತಿದ್ದಳು ಕೂಡ. ಅಷ್ಟರಲ್ಲಿ ಆಕೆಯ ಕಣ್ಣಿಗೆ, ಕುರ್ಚಿಗಳ ಸಾಲಿನಲ್ಲಿ, ನೀಲಿ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ನಿಂತ ವಿಜಯಮಾಲೆಯು ಬಿದ್ದಳು. ಎತ್ತಿದ ಕೈ ಇಳಿಯಿತು. ಪಾತ್ರೆಯನ್ನು ನೆಲಕ್ಕಿಟ್ಟು, ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಂಡು, ಮದಗಜವು ಕೆರೆಗೆ ಇಳಿಯುವಂತೆ ಆಕೆ ರಣಾಂಗಣಕ್ಕೆ ಇಳಿದಳು.

ಗೂಳಪ್ಪ ಮಾಸ್ತರನ ಮೊಬೈಲನ್ನು ಮೈಕಿನ ಮುಂದೆ ಹಿಡಿದು ಹಾಡು ಹಚ್ಚಲಾಯಿತು. ಮೊದಲ ಸುತ್ತಿಗೇ ಕನ್ನಡ ಟೀಚರು ಪತನವಾದಳು. ಎರಡನೆಯ ಸುತ್ತಿನಲ್ಲಿ ಒಬ್ಬ ತಾಯಿ ಕಂಕುಳ ಕೂಸಿನೊಡನೆ ಓಡಿ, ಕೂಸು ಕುರ್ಚಿಯಲ್ಲಿಯೂ ತಾನು ನೆಲದ ಮೇಲೆಯೂ ಕುಳಿತಳು. ಕೂಸಿನ ಹೆಸರು ಪಟ್ಟಿಯಲ್ಲಿಲ್ಲವೆಂದು ಇಬ್ಬರನ್ನೂ ಹೊರಗಿಟ್ಟರು. ಹೀಗೆ ಒಬ್ಬೊಬ್ಬರೇ ಮಹಾರಥಿಯರು ನಗುತ್ತ, ಏದುತ್ತ, ತುರುಬು ಸರಿಪಡಿಸಿಕೊಳ್ಳುತ್ತ ನೆರಳಿಗೆ ಸರಿದ ಮೇಲೆ, ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಧೂಳಿನ ವರ್ತುಲದ ನಟ್ಟನಡುವೆ, ಒಂದೇ ಒಂದು ಕೆಂಪು ಕುರ್ಚಿಯು ಉಳಿಯಿತು. ಅದರ ಆಚೆ ವಿಜಯಮಾಲೆ, ಈಚೆ ಫಕ್ಕೀರವ್ವ. ನೂರಾ ನಲವತ್ತು ಮಕ್ಕಳು ಉಸಿರು ಬಿಗಿಹಿಡಿದರು. ಬೇವಿನ ಮರದ ಕಾಗೆಗಳೂ ಸುಮ್ಮನಾದವು.

ಆಗ ವಿಜಯಮಾಲೆಯು ಕನ್ನಡಕ ತೆಗೆದು ಕಸ್ತೂರೆವ್ವನ ಕೈಗೆ ಕೊಟ್ಟು ಗರ್ಜಿಸಿದಳು: "ಫಕ್ಕೀರವ್ವ, ಹುಷಾರ ರಿ. ನಾ ಕಾಲೇಜಿನಾಗ ಮೂರು ವರ್ಷ ಖೋಖೋ ಆಡಿದಾಕಿ. ಬೆನ್ನ ಹತ್ತಿದ್ರ ಯಾರನ್ನೂ ಬಿಟ್ಟಿಲ್ಲ."

ಎಂಟು ದಿನಗಳ ಮೌನವ್ರತವು ಮುರಿದುಬಿದ್ದಿತು. "ನಾ ಖೋಖೋ ಆಡಿಲ್ರಿ ಅಕ್ಕೋರ. ಹದಿನಾರು ವರ್ಷ ಕುದಿಯೂ ಡಬರಿ ಸುತ್ತ ತಿರಿಗೇನಿ. ತಣ್ಣಗಿರೂ ಕುರ್ಚಿ ಸುತ್ತ ತಿರಗೂದು ನನಗೆಷ್ಟರದು?"

"ನೋಡೂಣಂತ."

"ನೋಡೂದು ಇರ್ಲಿ. ನಾ ಗೆದ್ರ ಮುಂದಿನ ವರ್ಷ ಹುಗ್ಗಿ."

ವಿಜಯಮಾಲೆಯ ಹುಬ್ಬು ಮೇಲೇರಿ, ಅಲ್ಲಿಯೇ ಸ್ವಲ್ಪ ಹೊತ್ತು ನಿಂತು, ಕೆಳಗಿಳಿಯಿತು.

"ಆಗ್ಲಿ. ನಾ ಗೆದ್ರ?"

"ಲಾಡು. ನೀವು ಇರೂತನಕ ಲಾಡು."

ಹಾಡು ಹತ್ತಿತು. ಮೊದಲ ಸುತ್ತು, ಎರಡನೆಯ ಸುತ್ತು, ಮೂರನೆಯ ಸುತ್ತು. ಒಬ್ಬಳ ಹೆಜ್ಜೆ ಚಿಗರೆಯದು, ಇನ್ನೊಬ್ಬಳದು ಭೂಮಿಗೆ ತನ್ನ ಭಾರವನ್ನು ತಿಳಿಸುತ್ತ ಸಾಗುವಂಥದು. ಇದ್ದಕ್ಕಿದ್ದಂತೆ ಹಾಡು ಕಡಿದುಹೋಗಿ, ಮರಕ್ಕೆ ಕಟ್ಟಿದ ಧ್ವನಿವರ್ಧಕದಿಂದ ಆಕಾಶವಾಣಿಯೊಂದು ಮೊಳಗಿತು:

"ಏನ್ರೀ, ಬರೂ ಮುಂದ ಅರ್ಧ ಕಿಲೋ ಬದನಿಕಾಯಿ ತರ್ರಿ. ಎಳೀವು ನೋಡಿ ತರ್ರಿ."

ಅದು ಗೂಳಪ್ಪ ಮಾಸ್ತರನ ಧರ್ಮಪತ್ನಿಯ ಕರೆಯಾಗಿತ್ತು. ಕರೆಯನ್ನು ಕತ್ತರಿಸಲು ಹೋಗಿ ಆತ ಸ್ಪೀಕರನ್ನೇ ಒತ್ತಿದ್ದನು. ಎಲ್ಲರೂ ಮೇಲೆ ನೋಡುತ್ತಿರುವಾಗ ಫಕ್ಕೀರವ್ವ ಮಾತ್ರ ಕೆಳಗೆ ನೋಡಿ ಕುಳಿತುಬಿಟ್ಟಿದ್ದಳು.

"ಹಾಡು ನಿಂತೈತಿ. ನಾ ಕುಂತೇನಿ," ಎಂದಳು.

"ಅದು ನಿಲ್ಲಿಸಿದ್ದಲ್ರಿ, ಫೋನ್ ಬಂದದ್ದು!" ಎಂದು ವಿಜಯಮಾಲೆ ಗುಡುಗಿದಳು. "ಗೂಳಪ್ಪ ಸರ್, ನೀವ ಹೇಳ್ರಿ."

ಅಯ್ಯೋ ಗೂಳಪ್ಪ! ಧರ್ಮಸಂಕಟವೆಂಬುದು ಮನುಷ್ಯನನ್ನು ಎಂಥ ಬಿಸಿಲಿನಲ್ಲಿ ತಂದು ನಿಲ್ಲಿಸುತ್ತದೆ! ಒಂದು ಕಡೆ, ರಜೆಯ ಅರ್ಜಿಗೆ ಸಹಿ ಹಾಕುವ ಕೈ. ಇನ್ನೊಂದು ಕಡೆ, ದಿನಾಲೂ ತನ್ನ ತಟ್ಟೆಗೆ ತಳದ ಗಟ್ಟಿ ಬೇಳೆಯನ್ನು ಹುಡುಕಿ ಬಡಿಸುವ ಕೈ. ಆತ ಬೆವರೊರೆಸಿಕೊಂಡನು. ಮೊಬೈಲನ್ನು ಕಿಸೆಗೆ ಹಾಕಿದನು.

"ಇನ್ನೊಮ್ಮೆ ಆಡ್ರಿ," ಎಂದನು. "ಈ ಸಲ ಡ್ರಮ್ ಬಾರಸ್ತೇನಿ."

ಫಕ್ಕೀರವ್ವ ಗೆದ್ದ ಸಿಂಹಾಸನದಿಂದ ಎದ್ದಳು. ಏನೂ ವಾದಿಸಲಿಲ್ಲ, ಹೂಂ ಎಂದಳು ಅಷ್ಟೆ. ಆದರೆ ಆ ಹೂಂಕಾರಕ್ಕೆ ಮೊದಲ ಸಾಲಿನಲ್ಲಿ ಕುಳಿತ ಒಂದನೆಯ ತರಗತಿಯವರು ಒಂದು ಗೇಣು ಹಿಂದೆ ಸರಿದರು.

ರಣಭೇರಿ ಮೊಳಗಿತು. ಡ್ರಮ್ಮಿನ ಒಂದು ಮಗ್ಗುಲು ಹರಿದಿದ್ದರಿಂದ ಅದರ ನಾದವು ಧಡ್ ಧಡ್ ಎನ್ನದೆ ಡಬ್ ಪಸ್, ಡಬ್ ಪಸ್ ಎನ್ನುತ್ತಿತ್ತು. ಧೂಳೆದ್ದಿತು. ಬಳೆಗಳು ಝಣಝಣಿಸಿದವು. ಏಳನೆಯ ತರಗತಿಯು ಎರಡು ಪಂಗಡವಾಗಿ ಒಂದು ಲಾಡು ಲಾಡು ಎಂದೂ ಇನ್ನೊಂದು ಹುಗ್ಗಿ ಹುಗ್ಗಿ ಎಂದೂ ಕೂಗತೊಡಗಿತು. ಡಬ್ ಪಸ್, ಡಬ್ ಪಸ್, ಡಬ್... ನಿಂತಿತು.

ಇಬ್ಬರೂ ಒಟ್ಟಿಗೇ ಕುಳಿತರು. ಎಡ ಅರ್ಧದಲ್ಲಿ ವಿದ್ಯೆ, ಬಲ ಅರ್ಧದಲ್ಲಿ ಅನ್ನ. ಕೆಂಪು ಕುರ್ಚಿಯು ನಾಲ್ಕೂ ಕಾಲುಗಳನ್ನು ಅಗಲಿಸಿ ಒಮ್ಮೆ ನರಳಿತು. ಒಂದು ಕ್ಷಣ ಎರಡು ಭುಜಗಳು ಒಂದಕ್ಕೊಂದು ಒತ್ತಿಕೊಂಡು ನಿಂತವು; ಕುರ್ಚಿ ಎಡಕ್ಕೆ ವಾಲಿತು; ಬಳಿಕ ನೀಲಿ ಇಳಕಲ್ ಸೀರೆಯು ಮೆಲ್ಲನೆ, ಘನತೆಗೆ ಕುಂದಿಲ್ಲದಂತೆ, ಜಾರಿ ಧೂಳಿಗಿಳಿಯಿತು.

"ಫಕ್ಕೀರವ್ವ ಗೆದ್ರು!" ಎಂದು ಗೂಳಪ್ಪ ಮಾಸ್ತರನು ಸಾರಿದನು.

ದೊಡ್ಡ ಅಕ್ಕೋರು ಬಿದ್ದಾಗ ಚಪ್ಪಾಳೆ ತಟ್ಟಬಹುದೋ ಇಲ್ಲವೋ ಎಂದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಫಕ್ಕೀರವ್ವ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಕುರ್ಚಿಯ ತೋಳುಗಳ ಮೇಲಿಟ್ಟು ಕುಳಿತಿದ್ದಳು. ಹನ್ನೊಂದು ಎಣಿಸುವಷ್ಟು ಹೊತ್ತು ಆಕೆಯ ಸಾಮ್ರಾಜ್ಯ ನಡೆಯಿತು.

"ಅಯ್ಯೋ, ಕಾಲು," ಎಂದಳು ಕೆಳಗಿನಿಂದ ವಿಜಯಮಾಲೆ, ಸಣ್ಣ ದನಿಯಲ್ಲಿ. "ಹಿಮ್ಮಡ ಹೊಳ್ಳೇತ್ರಿ."

ಫಕ್ಕೀರವ್ವ ಎದ್ದಳು. ಬಗ್ಗಿ, ಡಬರಿಯನ್ನು ಎತ್ತುವ ರೀತಿಯಲ್ಲಿಯೇ ಶತ್ರುವನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಸಮೇತ ನೆರಳಿಗೆ ಒಯ್ದಳು. ಕಸ್ತೂರೆವ್ವ ಸಾರಿಗೆಂದು ನೆನೆಹಾಕಿದ ಹುಣಸೆಹಣ್ಣನ್ನೆಲ್ಲ ತಂದಳು. ಅದಕ್ಕೆ ಉಪ್ಪು ಹಾಕಿ, ಬಿಸಿ ಮಾಡಿ, ಫಕ್ಕೀರವ್ವ ನೆಲದ ಮೇಲೆ ಕುಳಿತು ಅಕ್ಕೋರ ಪಾದವನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು ಹಚ್ಚತೊಡಗಿದಳು.

"ಸುಡ್ತದ ರಿ!"

"ಸುಟ್ರನ ಬಾವು ಇಳಿಯೂದು. ಸುಮ್ಮನ ಕುಂದರ್ರಿ."

ವಿಜಯಮಾಲೆ ಕುರ್ಚಿಯ ತೋಳುಗಳನ್ನು ಹಿಡಿದುಕೊಂಡು ಹೇಳಿದಳು: "ಜೂನದಿಂದ ನೋಡಾಕತ್ತೇನಿ. ಆಗಸ್ಟ್ ಹದಿನೈದಕ್ಕ ನೀವು ಒಲಿ ಮುಂದ. ಗಾಂಧಿ ಜಯಂತಿಗೆ ಒಲಿ ಮುಂದ. ಒಂದು ಕುಣಿತ ನೋಡಿಲ್ಲ, ಒಂದು ಹಾಡು ಕೇಳಿಲ್ಲ. ಹುಗ್ಗಿ ಅಂದ್ರ ನಸುಕಿನಾಗಿಂದ ನಿಂದರ್ಬೇಕು. ಈ ದಿನ ಒಂದರ ನೀವು ಮಂದಿ ಕೂಡ ಕುಂತು ನೋಡ್ಲಿ ಅಂತ ಲಾಡು ಹೇಳಿದ್ನಿ."

ಹುಣಸೆಹಣ್ಣಿನ ಕೈ ಹಿಮ್ಮಡದ ಮೇಲೆಯೇ ನಿಂತಿತು.

"ಮದ್ಲ ಹೇಳಬಾರ್ದೇನ್ರಿ ಅಕ್ಕೋರ?"

"ಯಾರಿಗೆ ಹೇಳ್ಲಿ? ಎಂಟು ದಿನ ಆತು, ಏನ್ ಕೇಳಿದ್ರೂ ಹೂಂ ಅಂತೀರಿ. ಆ ಎರಡನೇ ಸಿಲಿಂಡರ್ ಏನ್ ಮಾಡ್ಲಿ ನಾ ಈಗ?"

ಫಕ್ಕೀರವ್ವ ತಲೆ ತಗ್ಗಿಸಿ ಪಟ್ಟಿ ಕಟ್ಟಿದಳು. ನಗುವನ್ನು ತಡೆದುಕೊಂಡಿದ್ದು ಭುಜದಲ್ಲಿ ಮಾತ್ರ ಕಾಣುತ್ತಿತ್ತು. ಆಮೇಲೆ ಭುಜಕ್ಕೂ ತಡೆಯಲಾಗಲಿಲ್ಲ. ಅವಳನ್ನು ನೋಡಿ ಮುಖ್ಯಾಧ್ಯಾಪಕಿಯೂ, ಕಾಲು ಅಲುಗಾಡಿ ನೋವಾದಾಗಲೆಲ್ಲ ಅಯ್ಯೋ ಎನ್ನುತ್ತ, ನಕ್ಕಳು.

ಒಂದೂವರೆಗೆ ಊಟವಾಯಿತು. ಸಾರಿನಲ್ಲಿ ಹುಳಿ ಇರಲಿಲ್ಲ. ಯಾರೂ ಗಮನಿಸಲಿಲ್ಲ, ಏಕೆಂದರೆ ಲಾಡು ಇತ್ತು. ಫಕ್ಕೀರವ್ವ ಎಲ್ಲರಿಗೂ ಬಡಿಸಿ, ತಾನೂ ಒಂದು ಮುರಿದು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ತೀರ್ಪು ಕೊಟ್ಟಳು: "ಸಕ್ಕರಿ ಜಾಸ್ತಿ ಆಗೇತಿ." ಬಳಿಕ, ಆ ತೀರ್ಪನ್ನು ಖಚಿತಪಡಿಸಿಕೊಳ್ಳಲು, ಇನ್ನೊಂದು ತೆಗೆದುಕೊಂಡಳು.

ಬಹುಮಾನ ಹಂಚುವ ಹೊತ್ತಿಗೆ ಆಕೆ ಹಿತ್ತಲಿನಲ್ಲಿ ಡಬರಿ ತಿಕ್ಕುತ್ತಿದ್ದಳು. ಮೈಕಿನಲ್ಲಿ ಎರಡು ಸಲ ಹೆಸರು ಕೂಗಿದರು. ಬಾರದಿದ್ದಾಗ, ಹತ್ತಿರ ಕುಳಿತಿದ್ದವಳು ತಾನೊಬ್ಬಳೇ ಆದ್ದರಿಂದ, ಪಟ್ಟಿ ಕಟ್ಟಿದ ಕಾಲನ್ನು ಮುಂದೆ ಚಾಚಿಕೊಂಡ ವಿಜಯಮಾಲೆಯು ಬಹುಮಾನವನ್ನು ಫಕ್ಕೀರವ್ವನ ಪರವಾಗಿ ಸ್ವೀಕರಿಸಿದಳು. ಗೂಳಪ್ಪ ಮಾಸ್ತರನು ಫೋಟೋ ತೆಗೆದನು. ಹೀಗಾಗಿ ಆ ವರ್ಷದ ಕುರ್ಚಿ ಆಟದ ವಿಜೇತೆಯೆಂದು ಶಾಲೆಯ ಆಲ್ಬಮ್ಮಿನಲ್ಲಿ ಇಂದಿಗೂ ಕಾಣುವುದು ಸೋತವಳ ಮುಖ.

ಎಲ್ಲರೂ ಹೋದ ಮೇಲೆ ಕಸ್ತೂರೆವ್ವನ ಹೆಗಲು ಹಿಡಿದು ಕುಂಟುತ್ತ ವಿಜಯಮಾಲೆ ಹಿತ್ತಲಿಗೆ ಬಂದು, ಬಣ್ಣದ ಕಾಗದ ಸುತ್ತಿದ ಬಹುಮಾನವನ್ನು ನೀಡಿದಳು. ಫಕ್ಕೀರವ್ವ ಕೈ ತೊಳೆದುಕೊಂಡು ಬಿಚ್ಚಿದಳು. ಹಸಿರು ಪ್ಲಾಸ್ಟಿಕ್ಕಿನ ನೀರಿನ ಜಗ್ಗು. ಒಳಗೆ ಕೈಹಾಕಿ ನೋಡಿದಳು, ಕಾಗದವನ್ನು ಜಾಡಿಸಿ ನೋಡಿದಳು.

"ಇದಕ್ಕ ಮುಚ್ಚಳ ಇಲ್ಲೇನ್ರಿ ಅಕ್ಕೋರ?"

ಇರಲಿಲ್ಲ.