ಗಂಧದ ಹಾರ ಮತ್ತು ಫ್ರೆಂಚ್ ಗೃಹಸ್ಥ

ತಪ್ಪು ಕಂಡಲ್ಲಿ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಗಲ್ಫಿನ ಕರಾಮ ಬಡಾವಣೆಯ ನಮ್ಮ ಕಟ್ಟಡದಲ್ಲಿ ಕಾವಲುಗಾರನನ್ನು ಏಕವಚನದಲ್ಲಿ ಕರೆಯುವವರಿಂದ ಹಿಡಿದು, ಆಮಂತ್ರಣ ಪತ್ರಿಕೆಯಲ್ಲಿ ಹೆಂಡತಿಯ ಹೆಸರು ಬಿಟ್ಟವರ ತನಕ ಎಲ್ಲರನ್ನೂ ತಿದ್ದಲು ಶ್ರಮಿಸಿದ್ದೇನೆ. ಯಾರೂ ತಿದ್ದಿಕೊಂಡಿಲ್ಲ, ಲಿಫ್ಟಿನಲ್ಲಿ ನಾನಿದ್ದರೆ ಮೆಟ್ಟಿಲು ಹತ್ತುತ್ತಾರೆ, ಅಷ್ಟೆ.

ಕಳೆದ ಚಳಿಗಾಲದಲ್ಲಿ ಅಬುಧಾಬಿಯ ವಸ್ತುಸಂಗ್ರಹಾಲಯವೊಂದರಲ್ಲಿ ಎರಡು ಶತಮಾನದ ಹಿಂದಿನ ಫ್ರೆಂಚ್ ಗೃಹಸ್ಥನೊಬ್ಬನ ಭಾವಚಿತ್ರ ಕಂಡೆ. ಕಪ್ಪು ಕೋಟು, ಕೆನ್ನೆಗೆ ಆನಿಸಿದ ಕೈ, ಎತ್ತಲೋ ನೆಟ್ಟ ಕಣ್ಣು. ಲೋಕದ ಅನ್ಯಾಯವನ್ನೆಲ್ಲ ಒಬ್ಬನೇ ಯೋಚಿಸುತ್ತಿರುವ ಆ ಮುಖ ನನ್ನದೇ ಎನ್ನಿಸಿ, ಅದರ ಮುದ್ರಿತ ಪ್ರತಿಯೊಂದನ್ನು ತಂದು ಹಾಲ್‌ನಲ್ಲಿ ತೂಗುಹಾಕಿದೆ. ಅದೇ ವಾರ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಅಮ್ಮ ಬಂದರು. ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ತೀರಿಹೋದ ಅಪ್ಪನ ಫೋಟೊ, ಜೊತೆಗೊಂದು ಗಂಧದ ಹಾರ. “ಮಗು ಅಜ್ಜನ ಮೋರೆ ಕಂಡೇ ಇಲ್ಲ ಮಗಾ, ಒಂದು ಮೊಳೆ ಹೊಡಿ,” ಎಂದರು. ಗತಿಸಿದ ಗಂಡಸರನ್ನು ಗೋಡೆಯ ಮೇಲೆ ಕೂರಿಸಿ ಪೂಜಿಸುವುದು ಪುರುಷ ಪ್ರಾಧಾನ್ಯದ ಮುಂದುವರಿಕೆ ಎಂದು ನಾನು ಸವಿಸ್ತಾರವಾಗಿ ವಿವರಿಸಿದೆ.

“ಹಾಗಾದರೆ ಈ ಜನ ಯಾರು ಮಾರಾಯ?” ಅಮ್ಮ ಫ್ರೆಂಚನತ್ತ ಕೈತೋರಿದರು.

ಅದು ಕಲೆ ಎಂದೆ. ಆದರೂ ನ್ಯಾಯ ನ್ಯಾಯವೇ ಆದ್ದರಿಂದ, ಆತನ ಕಾಫಿಯ ಸಕ್ಕರೆಗಾಗಿ ಬೆವರು ಸುರಿಸಿದ ಗುಲಾಮರ ವಿಷಯವನ್ನೂ ಹೇಳಿದೆ.

“ಅದಕ್ಕೇ ಬೇಜಾರಲ್ಲಿ ಕೂತದ್ದಾ, ಪಾಪ,” ಎಂದರು ಅಮ್ಮ.

ಫೋಟೊ ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಹೊರಡುವ ದಿನ ಅವರು ಹಾರವನ್ನು ಫ್ರೆಂಚನಿಗೆ ಹಾಕಿದರು. “ತಂದದ್ದನ್ನು ವಾಪಸ್ ಹೊರುವುದು ಎಂತಕ್ಕೆ? ಇವರೂ ಸತ್ತವರೇ ಅಲ್ಲವಾ?” ವಿಮಾನಕ್ಕೆ ಹೊತ್ತಾಗಿತ್ತು, ಭಾಷಣಕ್ಕೆ ಸಮಯವಿರಲಿಲ್ಲ. ಹಾರವನ್ನು ತೆಗೆಯಲು ಯಾಕೋ ಆಮೇಲೂ ಮನಸ್ಸಾಗಲಿಲ್ಲ.

ಮೊನ್ನೆ ಏಳು ವರ್ಷದ ಮಗಳು ಎದುರು ಫ್ಲಾಟಿನ ಗೆಳತಿಗೆ ಮನೆ ತೋರಿಸುತ್ತಿದ್ದಳು. ಚಿತ್ರದ ಮುಂದೆ ನಿಂತು, “ದಿಸ್ ಈಸ್ ಮೈ ಅಜ್ಜ,” ಎಂದಳು.

“ವೈ ಈಸ್ ಹಿ ಸೋ ಸ್ಯಾಡ್?”

“ಪಪ್ಪ ಟಾಕ್ಸ್ ಅ ಲಾಟ್.”

ತಿದ್ದಲು ಬಾಯಿ ತೆರೆದೆ. ಇವರು ಅಜ್ಜ ಅಲ್ಲ ಎನ್ನಬಹುದಿತ್ತು. ಹಾಗಾದರೆ ಅಜ್ಜ ಎಲ್ಲಿ ಎಂದು ಕೇಳಿದರೆ ತೋರಿಸಲು ನನ್ನ ನಿರ್ಮಲವಾದ ಗೋಡೆಗಳ ಮೇಲೆ ಏನೂ ಇರಲಿಲ್ಲ. ಸುಮ್ಮನೆ ಎದುರಿನ ಕುರ್ಚಿಯಲ್ಲಿ ಕೂತೆ. ಕೈ ತಾನಾಗಿ ಕೆನ್ನೆಗೆ ಹೋಯಿತು.